ಇರುಳ ಹಾದಿಯ ಕಾಯಕ

ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲು-ಕೀಳೆಂಬ ಭೇದವನ್ನು ಒಪ್ಪಲಿಲ್ಲ. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ತುರುಗಾಹಿ ರಾಮಣ್ಣನವರು ದನ ಕಾಯ್ದರು. ತಳವಾರ ಕಾಮಿದೇವಯ್ಯನವರು ಊರನ್ನು ಕಾಯ್ದರು. ಊರೆಲ್ಲ ನಿದ್ರಿಸುವಾಗ ಜನರ ಅನ್ನ, ಬಟ್ಟೆ, ಔಷಧಗಳನ್ನು ಊರಿಂದೂರಿಗೆ ಸಾಗಿಸುವ ಲಾರಿ ಚಾಲಕನ ದುಡಿಮೆಯೂ ಇದೇ ಸಾಲಿಗೆ ಸೇರಿದ ಕಾಯಕವೆಂದು ನನ್ನ ನಂಬಿಕೆ. ಇಪ್ಪತ್ತೈದು ವರ್ಷಗಳಿಂದ ಈ ಕಾಯಕದಲ್ಲಿರುವ ನಾನು ಸಮಾಜ ಬಾಂಧವರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇನೆ.

ದಾವಣಗೆರೆ ಮತ್ತು ಹರಿಹರ ಹೆದ್ದಾರಿಯ ಊರುಗಳು. ಬೆಂಗಳೂರಿನಿಂದ ಪುಣೆಗೆ ಹೋಗುವ ರಸ್ತೆ, ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದಿದ್ದು ಈಗ 48 ಎಂಬ ಸಂಖ್ಯೆ ಪಡೆದಿರುವುದು, ದಾವಣಗೆರೆಯನ್ನು ಹಾದು ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತದೆ. ನಮ್ಮ ಹಿರಿಯ ಚಾಲಕರು ದಾವಣಗೆರೆಯ ಗಿರಣಿಗಳ ಅರಳೆ ಮತ್ತು ಬಟ್ಟೆಯನ್ನೂ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳನ್ನೂ ಹೇರಿ ಒಯ್ದವರು. ನಾನು ಹೆಚ್ಚಾಗಿ ಒಯ್ದದ್ದು ಮೆಕ್ಕೆಜೋಳ ಮತ್ತು ಅಕ್ಕಿ. ಹಗಲೆಲ್ಲ ತೂಕ, ಹೇರಿಕೆ, ಕಾಗದಪತ್ರಗಳಲ್ಲಿ ಕಳೆಯುತ್ತದೆ. ತಾಡಪಾಲು ಹೊದಿಸಿ ಹಗ್ಗ ಬಿಗಿಯುವ ಹೊತ್ತಿಗೆ ದೀಪ ಹತ್ತಿರುತ್ತದೆ. ದೊಡ್ಡ ನಗರಗಳಲ್ಲಿ ಹಗಲು ಹೊತ್ತು ಭಾರಿ ವಾಹನಗಳಿಗೆ ನಿರ್ಬಂಧ. ಅಲ್ಲಿನ ಮಾರುಕಟ್ಟೆಗೆ ಬೆಳಗಾಗುವುದರೊಳಗೆ ಸರಕು ಮುಟ್ಟಬೇಕು. ಆದ್ದರಿಂದ ನಮ್ಮ ಪಾಲಿಗೆ ದುಡಿಮೆಯ ಹೊತ್ತೆಂದರೆ ರಾತ್ರಿಯೇ.

ಹರಿಹರದ ಸೇತುವೆಯ ಮೇಲೆ ಸಾಗುವಾಗ ನಾನು ಚೌಡಯ್ಯನವರನ್ನು ನೆನೆಯುತ್ತೇನೆ. ಇದೇ ಹೊಳೆಯ ದಡದಲ್ಲಿ, ಕೆಳಗೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಅವರ ಹೆಸರಿನ ಚೌಡಯ್ಯದಾನಪುರವಿದೆ. ದೋಣಿಯಲ್ಲಿ ಕುಳಿತವರ ಜೀವ ಅಂಬಿಗನ ಎಚ್ಚರದಲ್ಲಿತ್ತು. ಹೆದ್ದಾರಿಯಲ್ಲಿ ಎದುರಾಗುವವರ ಜೀವ ನಮ್ಮ ಎಚ್ಚರದಲ್ಲಿದೆ.

ಆ ಎಚ್ಚರಕ್ಕೆ ಅತ್ಯಂತ ಕಠಿಣವಾದ ಹೊತ್ತು ಎರಡು ಗಂಟೆಯಿಂದ ಐದು ಗಂಟೆಯವರೆಗಿನದು. ಆಗ ದೇಹದ ಶಾಖ ಇಳಿದಿರುತ್ತದೆ. ನಿದ್ರೆ ತಾನಾಗಿ ಆವರಿಸುತ್ತದೆ. ಕಣ್ಣು ತೆರೆದಿದ್ದರೂ ಮನಸ್ಸು ಎರಡು-ಮೂರು ಕ್ಷಣ ಮಂಕಾಗುವುದುಂಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡಿನಲ್ಲಿ 50 ಮೀಟರ್ ಕುರುಡಾಗಿ ಓಡಿದಂತಾಯಿತು. ಚಹಾ, ತಣ್ಣೀರು, ಗಟ್ಟಿಯಾದ ಹಾಡು ಸ್ವಲ್ಪ ಹೊತ್ತು ನೆರವಾದಾವು, ನಿದ್ರೆಯ ಸ್ಥಾನವನ್ನು ತುಂಬಲಾರವು. ರೆಪ್ಪೆ ಭಾರವಾದೊಡನೆ ರಸ್ತೆಯಿಂದ ದೂರ, ಸುರಕ್ಷಿತ ಸ್ಥಳದಲ್ಲಿ ಲಾರಿ ನಿಲ್ಲಿಸಿ ಅರ್ಧ ಗಂಟೆ ಮಲಗುವುದೊಂದೇ ಉಪಾಯ.

ಬೆಳಗು ಎಲ್ಲಿ ಆಗುತ್ತದೋ ಅಲ್ಲಿಯೇ ನನ್ನ ಪೂಜೆ. ಡಾಬಾದ ನಲ್ಲಿಯ ಕೆಳಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುತ್ತೇನೆ. ಗುಡಿಯ ಬಾಗಿಲು ತೆರೆಯುವ ಹೊತ್ತಿಗಾಗಿ ಕಾಯಬೇಕಿಲ್ಲದ ಪೂಜೆಯನ್ನು ಬಸವಣ್ಣನವರು ನಮಗೆ ಕರುಣಿಸಿದ್ದಾರೆ. ಅದರ ಬೆಲೆ ಊರೂರು ತಿರುಗುವವನಿಗೆ ಚೆನ್ನಾಗಿ ತಿಳಿಯುತ್ತದೆ.

ಈ ಕಾಯಕದ ಅರ್ಧ ಭಾರವನ್ನು ಮನೆಯವರು ಹೊರುತ್ತಾರೆ. ಹಗಲು ನಿದ್ರೆ ಬಲು ತೆಳು. ಬೆಳಕು, ಸೆಕೆ, ಬೀದಿಯ ಸದ್ದು ಅದನ್ನು ಕದಡುತ್ತವೆ. ಒಂದು ಸುಗ್ಗಿಯಲ್ಲಿ ಪುಣೆಯಿಂದ ಹಿಂದಿರುಗಿ ಬೆಳಿಗ್ಗೆ ಮನೆ ಸೇರಿದ್ದೆ. ಮಧ್ಯಾಹ್ನವೇ ಮತ್ತೊಂದು ಲೋಡು ಹೊರಡಬೇಕು, ಬತ್ತೆ ಇಮ್ಮಡಿ ಎಂದು ಆಗಿನ ಮಾಲೀಕರು ಹೇಳಿಕಳುಹಿಸಿದರು. ಮಗಳ ಕಾಲೇಜು ಶುಲ್ಕ ಕಟ್ಟುವ ದಿನ ಸಮೀಪಿಸಿತ್ತು. ನನ್ನ ಮನೆಯಾಕೆ ಹಾಸಿಗೆ ಬಿಡಿಸಿ, "ಶುಲ್ಕಕ್ಕ ನನ್ನ ಬಳೆ ಅದಾವ್ರೀ. ನೀವು ಮೊದ್ಲು ಮಲಗ್ರಿ" ಎಂದಳು. ಬರಲಾರೆನೆಂದು ತಿಳಿಸಿದೆ. ಮುಂದಿನ ಎರಡು ತಿಂಗಳು ಆ ಮಾಲೀಕರಿಂದ ಕರೆ ಬರಲಿಲ್ಲ. ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಿದೆವು, ಮರುವರ್ಷ ಬಿಡಿಸಿಕೊಂಡೆವು.

ಆಯ್ದಕ್ಕಿ ಮಾರಯ್ಯನವರು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿದ್ದುದನ್ನು ಕಂಡು, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದಿದೆ. ನಿದ್ರೆಯನ್ನು ಮಾರಿ ತಂದ ಹಣವೂ ಅಂಥ ಹೆಚ್ಚಿನ ಅಕ್ಕಿಯೇ. ಕಾಯದಿಂದ ಆಗುವುದು ಕಾಯಕ. ಕಾಯವನ್ನೇ ಕೆಡಿಸಿ, ಪರರ ಕಾಯಕ್ಕೂ ಕೇಡು ತರುವ ದುಡಿಮೆಯನ್ನು ಕಾಯಕವೆನ್ನುವುದು ಹೇಗೆ?

ಸಾರಿಗೆ ಕಾರ್ಮಿಕನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ, 5 ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಗೊತ್ತುಪಡಿಸಿತ್ತು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಗಂಟೆಯ ಲೆಕ್ಕವನ್ನು ಯಾರ ಮುಂದೆ ಇಡಬೇಕು?

ಸಾರ್ವಜನಿಕ ಬಸವ ಜಯಂತಿಗೆ 1913ರಲ್ಲಿ ನಾಂದಿಯಾದದ್ದು ನಮ್ಮ ದಾವಣಗೆರೆಯ ವಿರಕ್ತಮಠದಲ್ಲಿ, ಹರ್ಡೇಕರ ಮಂಜಪ್ಪನವರು ಮತ್ತು ಮೃತ್ಯುಂಜಯ ಅಪ್ಪಗಳಿಂದ. ಅಂಥ ಊರಿನಲ್ಲಿ ಲಾರಿ ಮಾಲೀಕರೂ ವರ್ತಕರೂ ಆಗಿರುವ ಬಾಂಧವರು ಅನೇಕರಿದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ದೂರದ ಹಾದಿಗೆ ಇಬ್ಬರು ಚಾಲಕರನ್ನು ಕಳುಹಿಸಿರಿ, ಹಿಂದಿರುಗಿದವನು ಮಲಗಿ ಎದ್ದ ಮೇಲೆ ಮುಂದಿನ ಲೋಡಿನ ಮಾತಾಡಿರಿ, "ಇಂದು ನಿದ್ರೆಯಾಗಿಲ್ಲ" ಎಂದವನ ಕೆಲಸವನ್ನು ಕಳೆಯದಿರಿ. ಚಾಲಕರ ಮನೆಯ ತಾಯಂದಿರು ಬಾಗಿಲಿಗೆ ಬಂದ ಕರೆಗೆ "ಮಲಗಿದ್ದಾರೆ" ಎಂದು ಧೈರ್ಯವಾಗಿ ಹೇಳಲಿ. ಆ ಒಂದು ಮಾತಿನಿಂದ ಅವರ ಮನೆಯಷ್ಟೇ ಅಲ್ಲ, ಹಾದಿಯಲ್ಲಿ ಎದುರಾಗುವ ಯಾರದೋ ಮನೆಯೂ ಉಳಿಯುತ್ತದೆ.