ಹೊರಟಲ್ಲಿಗೇ ಬರುವ ಅವಸರ

"ಮುತ್ಯಾ, ದಾಖಲೆ ಮುರೀತು!"

2017ರ ನವೆಂಬರ್ ತಿಂಗಳ ಒಂದು ಸಂಜೆ ನಾರಾಯಣಪುರದ ಮನೆಯೊಂದರಲ್ಲಿ ಈ ಕೂಗು ಕೇಳಿಬಂತು. ಮಾಳಿಗೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದ ಮೊಮ್ಮಗ ಪಡಸಾಲೆಯ ನಡುವೆ ಏದುಸಿರು ಬಿಡುತ್ತ ನಿಂತ. ಅಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, "ಹೌದಾ? ಎಷ್ಟು ರನ್ನಾತು?" ಎಂದರು.

"ರನ್ನಲ್ಲ ಮುತ್ಯಾ, ಕಾರು! ಏಳು ನಿಮಿಷ ಇಪ್ಪತ್ತೊಂದು ಸೆಕೆಂಡು!"

"ಎಲ್ಲಿಂದ ಎಲ್ಲಿಗಿ ಹೋತು?"

"ಎಲ್ಲಿಗೂ ಇಲ್ಲ. ಹೊಂಟಲ್ಲಿಗೇ ಬಂತು."

ಮಾಸ್ತರರು ಹಳ್ಳಿಯ ಮಕ್ಕಳಿಗೆ ಮೂವತ್ತೈದು ವರ್ಷ ಗಣಿತ ಹೇಳಿ ನಿವೃತ್ತರಾದವರು. ದೂರ, ಕಾಲ, ವೇಗಗಳ ಲೆಕ್ಕವನ್ನು ಅವರು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದಿದ್ದರೋ! ಆದರೆ ಆ ಲೆಕ್ಕಗಳಲ್ಲಿ ರೈಲು ಒಂದು ಊರಿನಿಂದ ಹೊರಟರೆ ಇನ್ನೊಂದು ಊರನ್ನು ಸೇರುತ್ತಿತ್ತು. "ಹೊಂಟಲ್ಲಿಗೇ ಬರೋದಿದ್ರ ಅಷ್ಟ್ಯಾಕ ಅವಸರ ಮಾಡಬೇಕಪಾ?" ಎಂದು ಕೇಳಿದರು.

ಮೊಮ್ಮಗನೂ ಬಿಡಲಿಲ್ಲ. "ನೀ ದಿನಾ ಸಂಜಿಕಿ ಶಿವಾಲಯ ಸುತ್ತತಿ. ನೀ ಎಲ್ಲಿಗಿ ಹೋಗಿ ಮುಟ್ತಿ ಮುತ್ಯಾ?"

ಅಡಿಗೆಮನೆಯಿಂದ ಆಯಿ ನಕ್ಕದ್ದು ಕೇಳಿಸಿತು. ಕಲ್ಯಾಣ ಚಾಲುಕ್ಯರ ಕಾಲದ ಆ ಶಿವಾಲಯವನ್ನು ಮಾಸ್ತರರು ಚಿಕ್ಕಂದಿನಿಂದ ಸುತ್ತುತ್ತಿದ್ದರು. ಎಲ್ಲಿಗೆ ಮುಟ್ಟಿದೆನೆಂದು ಅವರು ಒಂದು ದಿನವೂ ಯೋಚಿಸಿದವರಲ್ಲ. ಉತ್ತರ ತೋಚದೆ ಅವರು ಕನ್ನಡಕವನ್ನು ಮತ್ತೆ ಮೂಗಿನ ಮೇಲೆ ಇಳಿಸಿಕೊಂಡರು.

ಮೊಮ್ಮಗನ ಸಂಭ್ರಮಕ್ಕೆ ಕಾರಣವಾದ ದಾರಿ ಇರುವುದು ಜರ್ಮನಿಯಲ್ಲಿ. ನ್ಯೂರ್‌ಬರ್ಗ್‌ರಿಂಗ್ ಎಂದು ಅದರ ಹೆಸರು. 1927ರಲ್ಲಿ ತೆರೆದ ಈ ಓಟದ ದಾರಿಯ ಉತ್ತರದ ಸುತ್ತು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದೆ. ಕಾಡಿನ ನಡುವೆ ಗುಡ್ಡವೇರಿ ಕಣಿವೆಗಿಳಿಯುವ ಈ ದಾರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ತಿರುವುಗಳಿವೆ. ಅತಿ ತಗ್ಗಿಗೂ ಅತಿ ಎತ್ತರಕ್ಕೂ ಸುಮಾರು 300 ಮೀಟರುಗಳ ಅಂತರ. ಹೆಸರಾಂತ ಓಟಗಾರ ಜಾಕಿ ಸ್ಟೀವರ್ಟ್ ಇದನ್ನು ಹಸಿರು ನರಕವೆಂದು ಕರೆದ. 1976ರಲ್ಲಿ ನಿಕಿ ಲೌಡಾ ಇಲ್ಲಿ ಬೆಂಕಿಗೆ ಸಿಕ್ಕಿ ಸಾವಿನ ಬಾಗಿಲಿನಿಂದ ಹಿಂದಿರುಗಿದ ಮೇಲೆ ಫಾರ್ಮುಲಾ ಒನ್ ಪಂದ್ಯಗಳು ಈ ಹಳೆಯ ಸುತ್ತನ್ನು ಬಿಟ್ಟುಹೋದವು. ಆದರೆ ಕಾರು ತಯಾರಿಸುವವರು ಬಿಡಲಿಲ್ಲ. ಬ್ರೇಕು ಕಾದು ಸೋಲುವುದೇ, ಎಂಜಿನ್ನು ಬಿಸಿಗೆ ತಾಳುವುದೇ, ಸ್ಪ್ರಿಂಗುಗಳು ಏರಿಳಿತದಲ್ಲಿ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುವೇ ಎಂಬುದೆಲ್ಲ ಅಲ್ಲಿ ಒಂದೇ ಸುತ್ತಿನಲ್ಲಿ ಬಯಲಾಗುತ್ತದೆ.

ಅಂದು ದಾಖಲೆ ಮುರಿದದ್ದು ಜಾಗ್ವಾರ್ ಎಕ್ಸ್‌ಇ ಎಸ್‌ವಿ ಪ್ರಾಜೆಕ್ಟ್ 8 ಎಂಬ ಉದ್ದನೆಯ ಹೆಸರಿನ ಸೆಡಾನು. ಐದು ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ನು, 600 ಅಶ್ವಶಕ್ತಿ. ಮುನ್ನೂರಕ್ಕಿಂತ ಹೆಚ್ಚು ಮಾಡುವುದಿಲ್ಲವೆಂದು ಕಂಪನಿ ಮೊದಲೇ ಸಾರಿತ್ತು. ವಿನ್ಸೆಂಟ್ ರಾಡರ್‌ಮೆಕರ್ ಎಂಬ ಚಾಲಕ ಅದನ್ನು 7 ನಿಮಿಷ 21.23 ಸೆಕೆಂಡಿನಲ್ಲಿ ಒಂದು ಸುತ್ತು ತಂದಿದ್ದ. ಇದಕ್ಕೆ ಹಿಂದೆ ಇಟಲಿಯ ಆಲ್ಫಾ ರೋಮಿಯೋ ಜೂಲಿಯಾ 2016ರಲ್ಲಿ 7 ನಿಮಿಷ 32 ಸೆಕೆಂಡು ತೆಗೆದುಕೊಂಡಿತ್ತು. 2008ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಿಟಿಎಸ್-ವಿ 7 ನಿಮಿಷ 59.32 ಸೆಕೆಂಡಿನಲ್ಲಿ ಬಂದಾಗ, ಎಂಟು ನಿಮಿಷದ ಒಳಗೆ ಬಂದ ಸೆಡಾನೆಂದು ಜಗತ್ತು ಬೆರಗಾಗಿತ್ತು. ಈ ಅಂಕಿಗಳೆಲ್ಲ ಮೊಮ್ಮಗನಿಗೆ ಮಗ್ಗಿಯಂತೆ ಬಾಯಿಪಾಠ. ಬಾಲ್ಯದಲ್ಲಿ ಹದಿನೇಳರ ಮಗ್ಗಿಗೆ ಅವನು ಎಷ್ಟು ಪೆಟ್ಟು ತಿಂದಿದ್ದನೆಂಬುದು ಮಾಸ್ತರರಿಗೆ ಚೆನ್ನಾಗಿ ನೆನಪಿತ್ತು.

"ಮತ್ತ ಜಾಗ್ವಾರ್ ಯಾರದು ಗೊತ್ತದೇನು ಮುತ್ಯಾ? ನಮ್ಮ ಟಾಟಾದವರದು! 2008ರಾಗ ತಗೊಂಡಾರ."

ಟಾಟಾ ಎಂದೊಡನೆ ಆಯಿ ಹೊರಗೆ ಬಂದರು. ಮನೆಯ ಉಪ್ಪು ಅವರದು, ಚಹಾಪುಡಿ ಅವರದು. ಆ ಹೆಸರಿನ ಮೇಲೆ ಆಕೆಗೆ ನಂಬುಗೆ. "ನಾಕು ಬಾಗಿಲದ ಗಾಡಿ ಏನು?" ಎಂದು ಕೇಳಿದರು.

"ಹೌದು ಆಯಿ. ಸೆಡಾನ್ ಅಂದ್ರೇ ನಾಕು ಬಾಗಿಲು, ಹಿಂದ ಡಿಕ್ಕಿ."

"ಹಂಗಿದ್ರ ಹಿಂದಿನ ಸೀಟಿನ್ಯಾಗ ನಾ ಕೂಡಬಹುದು."

ಮೊಮ್ಮಗ ತುಸು ತಡವರಿಸಿದ. ಆ ಕಾರನ್ನು ಎರಡು ಬಗೆಯಲ್ಲಿ ಮಾರುತ್ತಿದ್ದರು. ಒಂದು ನಾಲ್ಕು ಆಸನದ್ದು. ಇನ್ನೊಂದು ವೇಗವೇ ಬೇಕೆನ್ನುವವರಿಗಾಗಿ ತೂಕ ತಗ್ಗಿಸಿದ್ದು; ಅದರಲ್ಲಿ ಹಿಂದಿನ ಆಸನವೇ ಇಲ್ಲ. "ಬಾಗಿಲು ನಾಕು, ಕೂಡ್ಲಿಕ್ಕಿ ಇಬ್ಬರೇ?" ಎಂದು ಆಯಿ ಗಲ್ಲದ ಮೇಲೆ ಬೆರಳಿಟ್ಟರು. "ಗೆದ್ದದ್ದು ಯಾವುದು?" ಎಂದು ಕೇಳುವಷ್ಟರಲ್ಲಿ ಮೊಮ್ಮಗನಿಗೆ ಬಾಯಾರಿಕೆಯಾಗಿ ನೀರು ಕುಡಿಯಲು ಒಳಗೆ ಹೋಗಿದ್ದ.

ಆಯಿಯ ಪ್ರಶ್ನೆ ಸಾಮಾನ್ಯವಾದದ್ದಲ್ಲ. ಎರಡೇ ಬಾಗಿಲಿನ ಓಟದ ಕಾರುಗಳು ಎಷ್ಟು ವೇಗವಾಗಿ ಓಡಿದರೂ ಸಂಸಾರಸ್ಥನಿಗೆ ಅದರಿಂದ ಆಗಬೇಕಾದ್ದೇನು? ಅವು ಕುಬೇರರ ಆಟಿಕೆಗಳು. ಸೆಡಾನು ಹಾಗಲ್ಲ. ಅದು ಮದುವೆಯ ದಿಬ್ಬಣಕ್ಕೆ ಹೋಗುವ ಗಾಡಿ, ಬಾಣಂತಿಯನ್ನು ತವರಿನಿಂದ ಕರೆತರುವ ಗಾಡಿ, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಮುದುಕರನ್ನು ಹಿಂದೆ ಕೂಡಿಸಿಕೊಂಡು ಹೋಗುವ ಗಾಡಿ. ಅಂಥ ಗಾಡಿ ಓಟದ ಕುದುರೆಗಳ ಲಾಯದಲ್ಲಿ ತಲೆಯೆತ್ತಿ ನಿಂತಿತೆಂದರೆ ಸಾಧಾರಣ ಮನೆಗಳ ಹುಡುಗರ ಎದೆ ಉಬ್ಬುವುದು ಸಹಜವೇ. ಆ ಕಾರನ್ನು ಕೊಳ್ಳುವ ಮಾತಿರಲಿ, ಮುಟ್ಟಿ ನೋಡುವ ಯೋಗವೂ ತನಗಿಲ್ಲವೆಂಬುದನ್ನು ಮೊಮ್ಮಗ ಬಲ್ಲ. ಹಾಡಲು ಬಾರದವನು ಸಂಗೀತಕ್ಕೆ ರಾತ್ರಿಯೆಲ್ಲ ಎಚ್ಚರವಿರುವುದುಂಟು. ಇದೂ ಅಂಥದೇ, ಏನನ್ನೂ ಬೇಡದ ಪ್ರೀತಿ.

ಆದರೆ ಏನನ್ನೂ ಬೇಡದ ಪ್ರೀತಿಗೂ ಒಂದು ಅಪಾಯದ ಗಳಿಗೆ ಬರುತ್ತದೆ.

ಮನೆಯಲ್ಲಿ ಕಾಕಾನ ಇಟಿಯೋಸ್ ಬಾಡಿಗೆ ಕಾರು ಇತ್ತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾದ ಡೀಸೆಲ್ ಸೆಡಾನು. ಶಕ್ತಿ 68 ಕುದುರೆಗಳಷ್ಟು. ಜಾಗ್ವಾರಿಗೆ ಹೋಲಿಸಿದರೆ ಎಂಟರಲ್ಲಿ ಒಂದು ಪಾಲೂ ಅಲ್ಲ. ಆದರೂ ಈ ಇಟಿಯೋಸಿಗೂ ಓಟದ ನಂಟಿತ್ತು. ಅದರ ಪೆಟ್ರೋಲ್ ಮಾದರಿಯನ್ನೇ ಓಟಕ್ಕೆ ಸಜ್ಜುಗೊಳಿಸಿ 2013ರ ಸುಮಾರಿಗೆ ಹೊಸ ಹುಡುಗರಿಗಾಗಿ ಪಂದ್ಯಗಳನ್ನು ನಡೆಸಿದ್ದರು. ಇದನ್ನು ತಿಳಿದಂದಿನಿಂದ ಮೊಮ್ಮಗ ಕಾಕಾನ ಕಾರನ್ನು ತೊಳೆಯುವ ಬಗೆಯೇ ಬೇರೆಯಾಯಿತು. ಗಾಲಿಯ ಗಾಳಿಯನ್ನು ವಾರಕ್ಕೆರಡು ಸಲ ಅಳೆಯುವನು. ಡಿಕ್ಕಿಯಲ್ಲಿದ್ದ ಬೇಡದ ಸಾಮಾನನ್ನೆಲ್ಲ ತೆಗೆದು ಹೊರಗಿಡುವನು.

ಒಂದು ರಾತ್ರಿ ಮಾಸ್ತರರಿಗೆ ಮಾಳಿಗೆಯಿಂದ ಮಾತು ಕೇಳಿಸಿತು. ಮೊಮ್ಮಗ ಕಾಲೇಜಿನ ಗೆಳೆಯನೊಡನೆ ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿನ ಕಡೆಗೆ ಇಪ್ಪತ್ತು ಕಿಲೋಮೀಟರು ಅಳೆದುಕೊಳ್ಳುವುದು. ನಸುಕಿನಲ್ಲಿ ಕಾಕಾ ಏಳುವ ಮುನ್ನ ಕಾರು ತೆಗೆಯುವುದು. ಗೆಳೆಯ ಗಡಿಯಾರ ಹಿಡಿಯುವುದು.

ಮಾಸ್ತರರು ಆ ರಾತ್ರಿ ಮಲಗಲಿಲ್ಲ. ಕೊಟ್ಟಿಗೆಯ ಅಟ್ಟದ ಮೇಲೆ ಮುಂದಿನ ಗಾಲಿ ಸೊಟ್ಟಗಾದ ಸೈಕಲ್ಲೊಂದು ಮೂವತ್ತು ವರ್ಷಗಳಿಂದ ಬಿದ್ದಿತ್ತು. ಅವರ ತಮ್ಮನದು. ಅದೇ ಹೆದ್ದಾರಿಯಲ್ಲಿ, ಅಂಥದೇ ಒಂದು ನಸುಕಿನಲ್ಲಿ, ಯಾರದೋ ಅವಸರ ಅವನನ್ನು ಕೊಂಡೊಯ್ದಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಕಾಕಾ ಬಾಡಿಗೆಯಿಂದ ಮರಳುವವರೆಗೆ ಆಯಿ ಬಾಗಿಲ ದೀಪ ಆರಿಸದಿರುವುದೇಕೆಂದು ಮೊಮ್ಮಗನೂ ಕೇಳಿದವನಲ್ಲ.

ನಾಲ್ಕು ಗಂಟೆಗೆ ಮೊಮ್ಮಗ ಕೆಳಗಿಳಿದಾಗ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಕಾರಿನ ಕೀಲಿಕೈ ಮಾಸ್ತರರ ಮುಂದೆ ಪಾಟಿಯ ಮೇಲಿತ್ತು. ಅವರು ಗದರಿಸಲಿಲ್ಲ.

"ಕೂಡು. ಒಂದು ಲೆಕ್ಕ ಮಾಡು. ಗಂಟೆಗೆ 120 ಕಿಲೋಮೀಟರು ಓಡೋ ಗಾಡಿ ಸೆಕೆಂಡಿಗೆ ಎಷ್ಟು ಓಡತದ?"

"ಮೂವತ್ಮೂರು ಮೀಟರ್ ಚಿಲ್ಲರೆ."

"ತಲಿ ಮ್ಯಾಲ ಮೇವಿನ ಹೊರಿ ಹೊತ್ತ ಮುದುಕಿ ರಸ್ತೆ ದಾಟಲಿಕ್ಕಿ ಹನ್ನೆರಡು ಸೆಕೆಂಡು ಬೇಕು. ಆಕಿ ಕಾಲಿಟ್ಟಾಗ ನಿನ್ನ ಗಾಡಿ ಎಲ್ಲಿರತದ?"

ಮೊಮ್ಮಗ ಮನಸ್ಸಿನಲ್ಲೇ ಗುಣಿಸಿದ. "ನಾಕುನೂರು ಮೀಟರ್ ದೂರ."

"ನಸುಕಿನ್ಯಾಗ ನಾಕುನೂರು ಮೀಟರ್ ದೂರದ ಮುದುಕಿ ನಿನಗ ಕಾಣ್ತಾಳೇನು?"

ಉತ್ತರ ಬರಲಿಲ್ಲ. ಮಾಸ್ತರರು ಮುಂದುವರಿಸಿದರು. ಜರ್ಮನಿಯಲ್ಲಿ ಆ ಚಾಲಕ ಓಡಿಸಿದಾಗ ಎದುರಿನಿಂದ ಟ್ರ್ಯಾಕ್ಟರು ಬಂತೇ? ಕಬ್ಬಿನ ಗಾಡಿ ಅಡ್ಡ ನಿಂತಿತ್ತೇ? ತೊಗರಿ ಒಣಹಾಕಿದ್ದರೇ? ಎಲ್ಲಕ್ಕೂ ಮೊಮ್ಮಗ ಇಲ್ಲವೆಂದು ತಲೆಯಾಡಿಸಿದ. ದಾಖಲೆಯ ಓಟಕ್ಕೆ ದಾರಿಯನ್ನೇ ಮುಚ್ಚುತ್ತಾರೆ. ಚಾಲಕನಿಗೆ ಪ್ರತಿಯೊಂದು ತಿರುವೂ ಅಂಗೈಗೆರೆಯಂತೆ ಪರಿಚಿತ. ತಿರುವಿಗೆ ಮುನ್ನ ಎಲ್ಲಿ ಬ್ರೇಕು ಒತ್ತಬೇಕು, ಎಷ್ಟು ಬೇಗ ಬಿಡಬೇಕು ಎಂಬುದರಲ್ಲೇ ಅವನ ವಿದ್ಯೆಯೆಲ್ಲ ಇರುವುದು. ತಿರುವಿನಿಂದ ಹೊರಬರುವಾಗ ಉಳಿಸಿಕೊಂಡ ವೇಗವೇ ಮುಂದಿನ ನೇರ ದಾರಿಗೆ ಬಂಡವಾಳ. ಇದನ್ನೆಲ್ಲ ವಿವರಿಸುತ್ತ ಹೋದಂತೆ ಮೊಮ್ಮಗನ ಕಣ್ಣು ಮತ್ತೆ ಮಿನುಗಿತು. ಕೀಲಿಕೈಯನ್ನು ಅವನು ಮರೆತೇಬಿಟ್ಟ.

ಆಗಲೇ ಮಾಸ್ತರರು ಅಟ್ಟದ ಸೈಕಲ್ಲಿನ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಹೇಳಿ ಮುಗಿಸುವ ಹೊತ್ತಿಗೆ ಬೆಳಕು ಹರಿದಿತ್ತು.

ಮುಂದಿನ ವರ್ಷ ಅವರು ತಮ್ಮ ಪೆನ್ಷನ್ನಿನಿಂದ ಹಣ ತೆಗೆದು ಮೊಮ್ಮಗನನ್ನು ಚೆನ್ನೈಗೆ ಕಳುಹಿಸಿದರು. ಅಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ಓಟದ ದಾರಿಯಿದೆ. ಅದಾಗುವ ಮೊದಲು ಶೋಲಾವರಂನ ಹಳೆಯ ವಿಮಾನದಾರಿಯ ಮೇಲೆ ಮದರಾಸಿನ ಉತ್ಸಾಹಿಗಳು ದಶಕಗಳ ಕಾಲ ಪಂದ್ಯ ನಡೆಸಿದ್ದರು. ಮೊಮ್ಮಗ ಎರಡು ದಿನ ಬಿಸಿಲಲ್ಲಿ ನಿಂತು ನೋಡಿ, ಮುಖ ಕಪ್ಪಾಗಿಸಿಕೊಂಡು ಮರಳಿದ. ಏನು ಕಂಡೆಯೆಂದು ಕೇಳಿದರೆ ಅವನು ಹೇಳಿದ್ದು ಒಂದೇ ಮಾತು: "ಅಲ್ಲಿ ಓಡಸವ್ರಕಿಂತ ಕಾಯವ್ರೇ ಹೆಚ್ಚದಾರ ಮುತ್ಯಾ." ತಿರುವು ತಿರುವಿಗೂ ಬಾವುಟ ಹಿಡಿದವರು, ಬೆಂಕಿ ಆರಿಸುವವರು, ವೈದ್ಯರು, ಸದಾ ಸಿದ್ಧವಾಗಿ ನಿಂತ ಆಂಬುಲೆನ್ಸು. ಒಬ್ಬನ ವೇಗಕ್ಕೆ ಅಷ್ಟು ಜನರ ಕಾವಲು!

2019ರ ಜುಲೈ ತಿಂಗಳಲ್ಲಿ ಮೊಮ್ಮಗ ಪುಣೆಯ ಕಾರ್ಖಾನೆಯೊಂದರಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ. ಒಂದು ಸಂಜೆ ಫೋನು ಬಂತು. "ಮುತ್ಯಾ, ಜಾಗ್ವಾರ್ ತನ್ನ ದಾಖಲೆ ತಾನೇ ಮುರೀತು! 7 ನಿಮಿಷ 18.361!"

"20.6 ಕಿಲೋಮೀಟರಿಗೋ, 20.832ಕ್ಕೋ?" ಎಂದರು ಮಾಸ್ತರರು.

ಆಚೆಯಿಂದ ಒಂದು ಗಳಿಗೆ ಸದ್ದೇ ಇಲ್ಲ. ಹಿಂದೆ ಸುತ್ತನ್ನು ಅಳೆಯುವಾಗ ಹೊರಡುವ ಗೆರೆಗೂ ಮುಗಿಯುವ ಗೆರೆಗೂ ನಡುವಿನ ಚಿಕ್ಕ ತುಂಡೊಂದನ್ನು ಬಿಟ್ಟುಬಿಡುವ ರೂಢಿಯಿತ್ತು. ಆ ವರ್ಷದಿಂದ ಪೂರ್ತಿ ಸುತ್ತನ್ನೇ ಎಣಿಸಬೇಕೆಂಬ ನಿಯಮ ಬಂದಿತ್ತು. ಪೂರ್ತಿ ಸುತ್ತಿನ ಕಾಲ 7 ನಿಮಿಷ 23.164 ಸೆಕೆಂಡು ಎಂದು ಮೊಮ್ಮಗ ಒಪ್ಪಿಸಿದ. "ಹೊಂಟಲ್ಲಿಗೇ ಬರಬೇಕಂದ್ರ ಪೂರಾ ಬರಬೇಕಪಾ. ಗುಡಿ ಸುತ್ತವ್ರು ಬಾಗಲ ಮುಂದಿಂದು ಬಿಡ್ತಾರೇನು?" ಎಂದು ಮಾಸ್ತರರು ತೃಪ್ತಿಯಿಂದ ನಕ್ಕರು.

ದಾಖಲೆಗಳು ನಿಲ್ಲುವುದಿಲ್ಲ. 2025ರಲ್ಲಿ ಚೀನಾದ ಶಿಯೋಮಿ ಕಂಪನಿಯ ನಾಲ್ಕು ಬಾಗಿಲಿನ ವಿದ್ಯುತ್ ಕಾರು ಅದೇ ಪೂರ್ತಿ ಸುತ್ತನ್ನು 7 ನಿಮಿಷ 4.957 ಸೆಕೆಂಡಿನಲ್ಲಿ ಮುಗಿಸಿತು. ರಜೆಗೆ ಬಂದಿದ್ದ ಮೊಮ್ಮಗ ಈ ಸುದ್ದಿ ಹೇಳಿದಾಗ ಆಯಿ ತಮ್ಮ ಮೊಬೈಲನ್ನು ತಿರುವಿ ನೋಡಿದರು. ಹಿಂಬದಿಯಲ್ಲಿ ಅದೇ ಕಂಪನಿಯ ಗುರುತು.

"ಫೋನಿನವ್ರು ಗಾಡಿ ಮಾಡ್ಯಾರಾ? ಇರ್ಲಿ. ಹಿಂದಿನ ಸೀಟರೆ ಇಟ್ಟಾರೇನು?"

ಮೊಮ್ಮಗನಿಗೆ ಮತ್ತೆ ಬಾಯಾರಿಕೆಯಾಗುವ ಸೂಚನೆ ಕಂಡಿತು. ಅಷ್ಟರಲ್ಲಿ ಹೊರಗೆ ಕಾಕಾನ ಇಟಿಯೋಸಿನ ಸದ್ದಾಯಿತು. ಬೆಳಿಗ್ಗೆ ನಾಲ್ವರನ್ನು ಕೂಡಿಸಿಕೊಂಡು ಹೈದರಾಬಾದಿಗೆ ಹೋದ ಗಾಡಿ ಅಂಗಳದ ಬೇವಿನ ಮರದ ಕೆಳಗೆ ತನ್ನ ಎಂದಿನ ಜಾಗದಲ್ಲಿ ಬಂದು ನಿಂತಿತು. ಎಷ್ಟು ಹೊತ್ತು ತೆಗೆದುಕೊಂಡಿತೆಂದು ಯಾರೂ ಕೇಳಲಿಲ್ಲ.

ಆಯಿ ಎದ್ದು ಬಾಗಿಲ ದೀಪ ಆರಿಸಿದರು.