ದೋರ್ಜೆಯ ಕುಣಿಮಗ್ಗ

ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ನನ್ನ ಬಳಿ ಓದಿದ ಅನೇಕರು, ಇಥಿಯೋಪಿಯಾದಲ್ಲಿ ಇಂಗ್ಲಿಷ್ ಕಲಿಸಿದ ದಿನಗಳನ್ನು ಕುರಿತು ಬರೆಯಿರೆಂದು ಕೇಳುತ್ತಲೇ ಬಂದಿದ್ದಾರೆ. ಆ ದೇಶಕ್ಕೆ ಭಾರತೀಯ ಶಿಕ್ಷಕರು ಹೋಗುವುದು ಹೊಸ ಸಂಗತಿಯೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ನಮ್ಮವರು ಅಲ್ಲಿನ ಊರೂರುಗಳಲ್ಲಿ ಪಾಠ ಹೇಳಿದ್ದಾರೆ. ನಾನು ಹೋದಾಗ ಅರಸೊತ್ತಿಗೆ ಅಳಿದು ಎರಡು ದಶಕಗಳೇ ಕಳೆದಿದ್ದವು. ಸರೋವರದ ದಂಡೆಯ ಹವಾಸಾ ಪಟ್ಟಣದ ಶಾಲೆಯೊಂದರಲ್ಲಿ ನನಗೆ ಒಂಬತ್ತನೆಯ ತರಗತಿಯನ್ನು ಕೊಟ್ಟಿದ್ದರು.

ಆ ನಾಡಿನ ಲೆಕ್ಕಾಚಾರಗಳೇ ಬೇರೆ. ಅವರ ಹೊಸವರ್ಷ ಸೆಪ್ಟೆಂಬರಿನಲ್ಲಿ ಬರುತ್ತದೆ. ನಮಗೆ 1996 ಆಗಿದ್ದಾಗ ಅವರಿಗೆ ಆಗಷ್ಟೇ 1989 ಹುಟ್ಟಿತ್ತು. ಗಡಿಯಾರವೂ ಸೂರ್ಯೋದಯದಿಂದ ಆರಂಭ. ನಮ್ಮ ಬೆಳಗಿನ ಒಂಬತ್ತು ಅವರಿಗೆ ಮೂರು ಗಂಟೆ. ಆದರೆ ಅವರ ಲಿಪಿಯನ್ನು ಕಂಡಾಗ ಮಾತ್ರ ಪರಕೀಯವೆನಿಸಲಿಲ್ಲ. ಒಂದೊಂದು ವ್ಯಂಜನಕ್ಕೂ ಏಳು ಸ್ವರರೂಪಗಳು. ಅದು ನಮ್ಮ ಕಾಗುಣಿತದ ದಾಯಾದಿಯಂತೆಯೇ ತೋರಿತು.

ಹೊಸವರ್ಷದ ಬೆನ್ನಿಗೇ ಮೆಸ್ಕೆಲ್ ಹಬ್ಬ. ಶಿಲುಬೆ ದೊರೆತುದರ ಸ್ಮರಣೆಯ ಆ ಹಬ್ಬದ ಹೊತ್ತಿಗೆ ಬೆಟ್ಟಗಳೆಲ್ಲ ಹಳದಿ ಹೂವುಗಳಿಂದ ತುಂಬಿರುತ್ತವೆ. 1996ರಲ್ಲಿ ಅದು ಸೆಪ್ಟೆಂಬರ್ 27ರ ಶುಕ್ರವಾರ ಬಂದುದರಿಂದ ಮೂರು ದಿನಗಳ ಬಿಡುವು ದೊರೆಯಿತು. ತರಗತಿಯ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಹೊರಟಿದ್ದ. "ಟೀಚರ್, ನಮ್ಮ ಬೆಟ್ಟವನ್ನು ನೋಡಲು ಬನ್ನಿ" ಎಂದು ಕರೆದ. ಮಿತಭಾಷಿ ಹುಡುಗ. 'ನನ್ನ ತಂದೆ' ಎಂಬ ಪ್ರಬಂಧದಲ್ಲಿ ತಂದೆ ವ್ಯಾಪಾರಿಯೆಂದು ನಾಲ್ಕೇ ಸಾಲು ಬರೆದಿದ್ದ.

ಶಾಶೆಮೆನೆ, ಸೊಡೊ ಮಾರ್ಗವಾಗಿ ಬಸ್ಸಿನಲ್ಲಿ ಅರ್ಬಾ ಮಿಂಚ್ ತಲುಪಿದೆವು. ಆ ಹೆಸರಿನ ಅರ್ಥ 'ನಲವತ್ತು ಚಿಲುಮೆಗಳು'. ಕೆಳಗೆ ಅಬಾಯಾ, ಚಾಮೋ ಎಂಬ ಎರಡು ಸರೋವರಗಳು. ಶನಿವಾರ ಮುಂಜಾನೆ ಅಲ್ಲಿಂದ ಕಡಿದಾದ ದಾರಿಯನ್ನೇರಿ ದೋರ್ಜೆ ಸೇರಿದಾಗ ಚಳಿ ಮೈಯನ್ನು ಕೊರೆಯುತ್ತಿತ್ತು. ಬಿದಿರಿನಿಂದ ಹೆಣೆದ ಎತ್ತರದ ಮನೆಗಳು. ಮುಂಬಾಗಿಲ ಚಾಚು ಆನೆಯ ಮುಖವನ್ನು ನೆನಪಿಸುವಂತಿತ್ತು. ಬುಡವನ್ನು ಗೆದ್ದಲು ತಿಂದರೆ ಆ ಭಾಗವನ್ನು ಕತ್ತರಿಸಿ ಮನೆಯನ್ನು ಮತ್ತೆ ನಿಲ್ಲಿಸುತ್ತಾರೆ. ಆದ್ದರಿಂದ ಮನೆ ಹಳೆಯದಾದಂತೆ ಗಿಡ್ಡವಾಗುತ್ತದೆ. ಆಡಿಸ್ ಅಬಾಬಾ ಮೊದಲಾದ ಪಟ್ಟಣಗಳಿಗೆ ದುಡಿಯಲು ಹೋದವರೆಲ್ಲ ಮೆಸ್ಕೆಲ್‌ಗೆ ಊರಿಗೆ ಮರಳಿದ್ದರು. ಜಾತ್ರೆಯ ದಿನಗಳ ನಮ್ಮ ಬನಹಟ್ಟಿಯನ್ನೇ ಕಂಡಂತಾಯಿತು.

ಹುಡುಗನ ಮನೆಯಂಗಳದಲ್ಲಿ ಮಗ್ಗವೊಂದಿತ್ತು. ಅದನ್ನು ಕಂಡು ನಾನು ಅಲ್ಲೇ ನಿಂತುಬಿಟ್ಟೆ. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲಿಳಿಬಿಟ್ಟು ಕೂರುವ ಜಾಗ, ಎದುರಿಗೆ ಬಿಗಿದ ಬಿಳಿಯ ಹಾಸು. ಬನಹಟ್ಟಿಯಲ್ಲಿ ನಮ್ಮ ತಂದೆಯವರು ಜೀವಮಾನವಿಡೀ ಕುಳಿತುದು ಇಂಥದೇ ಕುಣಿಯ ಅಂಚಿನಲ್ಲಿ. ವಿದ್ಯುತ್ ಮಗ್ಗಗಳು ಬಂದ ಮೇಲೆ ಅದನ್ನು ಮಣ್ಣು ಹಾಕಿ ಮುಚ್ಚಿಸಿದೆವು. ಮೇಲೆ ಫರಸಿಕಲ್ಲು ಹಾಸಿದೆವು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ನೇಯುವವರನ್ನು, ಮಡಕೆ ಮಾಡುವವರನ್ನು, ಕಬ್ಬಿಣ ಬಡಿಯುವವರನ್ನು ಕೀಳಾಗಿ ಕಾಣುವ ರೂಢಿ ಆ ದೇಶದಲ್ಲಿಯೂ ಬಹುಕಾಲದಿಂದ ಇತ್ತು. ಅವನ ಪ್ರಬಂಧ ನಾಲ್ಕೇ ಸಾಲಿಗೆ ನಿಂತುದೇಕೆಂದು ಆಗ ತಿಳಿಯಿತು. ನಾನು ಏನನ್ನೂ ಕೇಳಲಿಲ್ಲ. ಅವನ ತಂದೆಯ ಅನುಮತಿ ಪಡೆದು, ಪ್ಯಾಂಟನ್ನು ಮೇಲಕ್ಕೆ ಮಡಚಿ ಕುಣಿಯಲ್ಲಿ ಕಾಲಿಳಿಬಿಟ್ಟೆ. ನಮ್ಮಲ್ಲಿ ಹಗ್ಗವೆಳೆದರೆ ಲಾಳಿ ಓಡುತ್ತಿತ್ತು; ಅಲ್ಲಿ ಕೈಯಿಂದಲೇ ಎಸೆದು ಆಚೆಯ ಕೈಯಲ್ಲಿ ಹಿಡಿಯಬೇಕು. ಹತ್ತು ಎಳೆ ಹಾಕುವಷ್ಟರಲ್ಲಿ ಕೈಗೆ ಹದ ಸಿಕ್ಕಿತು. ಆ ಹಿರಿಯರು ನನ್ನ ಹೆಬ್ಬೆರಳನ್ನು ಮುಟ್ಟಿ ನೋಡಿ ಮಗನಿಗೆ ಏನೋ ಹೇಳಿದರು. "ನೀವು ಯಾರ ಮಗನೆಂದು ಕೇಳುತ್ತಿದ್ದಾರೆ" ಎಂದ ಹುಡುಗ. "ನೇಕಾರನ ಮಗನೆಂದು ಹೇಳು" ಎಂದೆ. ಅವನು ನನ್ನ ಮುಖವನ್ನು ನೋಡಿ, ಆಮೇಲೆ ಅದನ್ನು ಅನುವಾದಿಸಿದ.

ಅನಂತರ ಮಾತಿಗೆ ಕೊನೆಯಿರಲಿಲ್ಲ. ಅವರ ಬಟ್ಟೆಯ ಅಗಲ ಕಡಿಮೆ. ಎರಡು ಪಟ್ಟಿಗಳನ್ನು ಜೋಡಿಸಿ ಹೊಲಿದರೆ ಒಂದು ಹೊದಿಕೆ. ಬಣ್ಣದ ಅಂಚಿಗೆ ತಿಬೆಬ್ ಎನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ನಾನು ನೂಲಿನಲ್ಲಿಯೇ ತೋರಿಸಿದೆ. ಅಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಹಬ್ಬವೆಂದರೆ ಅವರಿಗೆ ಮಾಂಸದೂಟ. ಆದರೆ ಶಾಕಾಹಾರಿಯಾದ ನನಗಾಗಿ ಹುಡುಗನ ತಾಯಿ ಕೊಚೊ ರೊಟ್ಟಿ ಬೇಯಿಸಿದರು. ಬಾಳೆಯನ್ನು ಹೋಲುವ ಎನ್ಸೆಟ್ ಗಿಡದ ತಿರುಳನ್ನು ಹೆರೆದು, ಎಲೆಯಲ್ಲಿ ಸುತ್ತಿ, ನೆಲದಲ್ಲಿ ತಿಂಗಳುಗಟ್ಟಲೆ ಹೂತು ಹುಳಿಯಿಸಿದ ಹಿಟ್ಟಿನ ರೊಟ್ಟಿ ಅದು. ಜೊತೆಗೆ ಜೇನುತುಪ್ಪ, ಮೆಣಸಿನಕಾಯಿ ಬೆಳ್ಳುಳ್ಳಿಯ ಖಾರ. ಆ ಖಾರ ನಾಲಗೆಗೆ ತಾಗಿದಾಗ ನಮ್ಮ ರಂಜಕ ನೆನಪಾಗಿ ಕಣ್ಣಲ್ಲಿ ನೀರು ಬಂತು. ಖಾರಕ್ಕೆಂದೇ ಎಲ್ಲರೂ ತಿಳಿದರು.

ಮುಂದಿನ ತಿಂಗಳು ಅದೇ ವಿಷಯದ ಮೇಲೆ ಹುಡುಗ ಎರಡು ಪುಟ ಬರೆದು ತಂದ. ಇಂಗ್ಲಿಷ್ ಶಬ್ದ ಸಿಗದ ಕಡೆಗಳಲ್ಲಿ ಮಗ್ಗದ ಭಾಗಗಳಿಗೆ ತನ್ನ ಭಾಷೆಯ ಹೆಸರುಗಳನ್ನೇ ಇಟ್ಟಿದ್ದ. ನಾನು ಅವುಗಳನ್ನು ತಿದ್ದಲಿಲ್ಲ.

ರಬಕವಿ-ಬನಹಟ್ಟಿಯ ನನ್ನ ಬಂಧುಗಳೇ, ವಿದ್ಯಾರ್ಥಿಗಳೇ, ನಮ್ಮ ಶಾಲೆಗಳ ಅರ್ಜಿಗಳಲ್ಲಿಯೂ ತಂದೆಯ ಉದ್ಯೋಗದ ಎದುರು 'ವ್ಯಾಪಾರ' ಎಂದು ಬರೆದ ನೇಕಾರರ ಮಕ್ಕಳನ್ನು ನಾನು ಬಲ್ಲೆ. ನಿಮ್ಮ ಮನೆಯ ಕುಣಿಗಳೂ ಬಹುಮಟ್ಟಿಗೆ ಮುಚ್ಚಿಹೋಗಿವೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ, ಹಣಿಗೆ ಎಂಬ ಹೆಸರುಗಳನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರೆದುರು ಕುಳಿತು ಬರೆದಿಟ್ಟುಕೊಳ್ಳಿರಿ. ಮಕ್ಕಳ ಅರ್ಜಿಯಲ್ಲಿ ಅಜ್ಜನ ಉದ್ಯೋಗವನ್ನು ಯಾರೂ ಕೇಳುವುದಿಲ್ಲ. ಅದನ್ನು ನಾವೇ ಹೇಳಬೇಕು.