ಹುಳ ಬಿದ್ದ ಅವರೆ

ಬಸವನಗುಡಿಯ ಹಳೇ ಮನೆಯೊಂದರ ಯಜಮಾನರು ಗುಬ್ಬಿಗೂಡು ತಂದು ನೇತುಹಾಕಿ ಏಳು ತಿಂಗಳಾಗಿತ್ತು. ಪ್ಲೈವುಡ್ಡಿನ ಪೆಟ್ಟಿಗೆ, ಮೇಲೆ ಇಳಿಜಾರು ಮಾಡು, ಮುಂದೊಂದು ದುಂಡು ತೂತು. ಪಕ್ಕದಲ್ಲಿ ಮಣ್ಣಿನ ತಟ್ಟೆ ತುಂಬ ನುಚ್ಚಕ್ಕಿ. ನುಚ್ಚಿಗೆ ಪಾರಿವಾಳ ಬಂದವು. ತೂತಿಗೆ ಅಳಿಲು ಬಂತು, ಮೂತಿಯಿಟ್ಟು ನೋಡಿ ಹೋಯಿತು. ಯಜಮಾನರು ಮಾತ್ರ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಹಿಂದೆ ಹಾಜರು. ‘ಬಾಣಂತನಕ್ಕೆ ಬರೋ ಹಕ್ಕೀನ ಹೀಗೆ ಗುರಾಯಿಸಿದರೆ ಬಂದೀತಾ?’ ಎಂದು ಮನೆಯಾಕೆ ಗದರಿದ್ದೂ ಆಯಿತು.

ತೂತನ್ನು ದಿಟ್ಟಿಸುವ ಚಟ ಅವರೊಬ್ಬರದೇ ಅಲ್ಲ. 1906-07ರ ಸುಮಾರಿಗೆ ಮುಂಬೈಯಲ್ಲಿ, ಹತ್ತು ವರ್ಷದ ಹುಡುಗನೊಬ್ಬ ಲಾಯದ ಗೋಡೆಯಲ್ಲಿದ್ದ ಗುಬ್ಬಿಗೂಡಿಗೆ ಹೊಂಚುಹಾಕಿ ಕೂತಿದ್ದ. ಕೈಯಲ್ಲಿ ಬಂದೂಕು ಬೇರೆ. ಕಾವಲಿದ್ದ ಗಂಡನ್ನು ಹೊಡೆದರೆ ಹೆಣ್ಣಿಗೆ ಮತ್ತೊಂದು ಗಂಡು ಸಿದ್ಧ. ಏಳು ದಿನದಲ್ಲಿ ಎಂಟು ಗಂಡುಗಳು ಹೋದವೆಂದು ಹುಡುಗ ಬರೆದಿಟ್ಟ. ಮುಂದೆ ಅವನೇ ಹಕ್ಕಿತಜ್ಞ ಸಲೀಂ ಅಲಿ.

ಪೆಟ್ಟಿಗೆಯ ಅಳತೆಯಲ್ಲಿ ತಪ್ಪಿರಲಿಲ್ಲ. ತೂತು 32 ಮಿಲಿಮೀಟರ್ ಇದ್ದರೆ ಗುಬ್ಬಿ ಸಲೀಸಾಗಿ ಒಳಹೋಗುತ್ತದೆ, ಗೊರವಂಕ ಹೊರಗೇ ಉಳಿಯುತ್ತದೆ. ತೂತಿನ ಕೆಳಗೆ ಸಿಕ್ಕಿಸುವ ಕಡ್ಡಿ ಬರೀ ಅಂದಕ್ಕೆ. ಅದು ಗುಬ್ಬಿಗೆ ಬೇಕಿಲ್ಲ, ಮರಿ ಕದಿಯುವ ಕಾಗೆಗೆ ಬೇಕು. ಹಿಂದೆ ಇಷ್ಟೆಲ್ಲ ಲೆಕ್ಕ ಯಾರು ಹಾಕುತ್ತಿದ್ದರು? ಹೆಂಚಿನ ಸಂದು, ಗೋಡೆಗೆ ವಾಲಿದ ದೇವರ ಪಟದ ಹಿಂಬದಿ, ಎಲ್ಲೆಂದರಲ್ಲಿ ಸಂಸಾರ ಹೂಡಿ, ಹುಲ್ಲುಕಡ್ಡಿ ಉದುರಿಸಿ ಗುಬ್ಬಿ ಬೈಸಿಕೊಳ್ಳುತ್ತಿತ್ತು. ಸಾಗರದ ಕಡೆಯ ದೀವರ ಹೆಂಗಸರು ಹೆಣೆಯುವ ಭತ್ತದ ತೆನೆಯ ತೋರಣ ಬಾಗಿಲಲ್ಲಿ ತೂಗುತ್ತಿದ್ದರೆ ಗುಬ್ಬಿ ಕುಕ್ಕದೆ ಬಿಟ್ಟೀತೇ?

ಗುಬ್ಬಿ ಮಾಯವಾದದ್ದು ಮೊಬೈಲ್ ಟವರಿನಿಂದ ಎಂಬುದು ಯಜಮಾನರ ದೃಢವಾದ ನಂಬಿಕೆ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಅದನ್ನು ಒಪ್ಪುವುದಿಲ್ಲ. ದೇಶದ ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಕಡಿಮೆಯಾಗುತ್ತಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಟವರಿನ ಮೇಲಿನ ಆರೋಪಕ್ಕೆ ಪುರಾವೆ ಸಿಕ್ಕಿಲ್ಲ. ಯಜಮಾನರು ಓದಿ, ಪೇಪರು ಮಡಚಿಟ್ಟು, ಟವರನ್ನು ಬೈಯುವುದನ್ನು ಮುಂದುವರಿಸಿದರು.

ಡಿಸೆಂಬರಿನಲ್ಲಿ ಅಂತೂ ಒಂದು ಜೋಡಿ ಪೆಟ್ಟಿಗೆ ಹೊಕ್ಕಿತು. ಗಂಡಿನ ಗಂಟಲಲ್ಲಿ ಕಪ್ಪು ಮಚ್ಚೆ. ಹೆಣ್ಣು ಬರೀ ಮಣ್ಣುಗಂದು. ತೆಂಗಿನ ನಾರು, ಪೊರಕೆ ಕಡ್ಡಿ, ಯಾರದೋ ಕೂದಲು ಒಳಗೆ ಹೋದವು. ಹನ್ನೆರಡು ಹದಿಮೂರು ದಿನ ಕಾವು. ಆಮೇಲೆ ಒಳಗಿಂದ ಸಣ್ಣ ಚಿಂವ್‌ಚಿಂವ್.

ಅಷ್ಟರಲ್ಲಿ ಸೊಗಡವರೆ ಕಾಲ. ಮನೆಯಾಕೆ ಜಗಲಿಯಲ್ಲಿ ಪೇಪರು ಹಾಸಿ ಸುಲಿಯುತ್ತಿದ್ದರು. ಸಿಪ್ಪೆಯ ಗುಡ್ಡೆಯಿಂದ ಹಸಿರು ಹುಳವೊಂದು ಬೆನ್ನು ಉಬ್ಬಿಸುತ್ತ ಹೊರಟಿತು. ಹೆಣ್ಣುಗುಬ್ಬಿ ಕೆಳಗಿಳಿದು, ಓರೆಯಾಗಿ ಎರಡು ಸಲ ಕುಪ್ಪಳಿಸಿ, ಹುಳವನ್ನು ಕಚ್ಚಿತು. ನೆಲಕ್ಕೆ ಪಟಪಟ ಬಡಿಯಿತು. ಕೊಕ್ಕಿನ ಎರಡೂ ಕಡೆ ಜೋತ ಹುಳದೊಂದಿಗೆ ನೇರ ಪೆಟ್ಟಿಗೆಯ ತೂತಿಗೆ. ಪಕ್ಕದ ತಟ್ಟೆಯಲ್ಲಿ ಅಕ್ಕಿ ಇದ್ದಂತೆಯೇ ಇತ್ತು.

ಕಾಳು ದೊಡ್ಡ ಗುಬ್ಬಿಗಳ ಊಟ. ಗೂಡಿನಲ್ಲಿರುವ ಹದಿನೈದು ದಿನ ಮರಿಗಳು ಬೆಳೆಯುವುದು ಮುಖ್ಯವಾಗಿ ಕಂಬಳಿಹುಳು, ಗಿಡದ ಹೇನು, ಮಿಡತೆಗಳ ಮೇಲೆ. ಯಜಮಾನರಿಗೆ ಹಿತ್ತಲಿನ ನಿಂಬೆಗಿಡ ನೆನಪಾಯಿತು. ಹುಳುಗಳು ಎಲೆ ತಿನ್ನುತ್ತವೆಂದು ಹೋದ ಮಳೆಗಾಲದಲ್ಲಿ ಎರಡು ಸಲ ಔಷಧಿ ಹೊಡೆದಿದ್ದರು. ಆ ಗಿಡದಲ್ಲಿ ಬೆಳೆಯುವ ನಿಂಬೆ ಚಿಟ್ಟೆಯ ಎಳೆಮರಿಹುಳು ಹಕ್ಕಿಯ ಕಣ್ಣು ತಪ್ಪಿಸಲು ಥೇಟ್ ಹಕ್ಕಿ ಹಿಕ್ಕೆಯ ಹಾಗೆಯೇ ಕಾಣುತ್ತದೆ. ಹಕ್ಕಿಯಿಂದ ಬಚಾವಾದದ್ದು ಇವರ ಪಂಪಿಗೆ ಸಿಕ್ಕಿತ್ತು.

ಮರುದಿನ ಗಾಂಧಿಬಜಾರಿನಲ್ಲಿ ಅವರೆಕಾಯಿಯವಳು ಒಂದು ಕಾಯಿ ಸಿಗಿದು ತೋರಿಸಿದಳು. ‘ನೋಡಿ ಸ್ವಾಮಿ, ಒಂದೇ ಒಂದು ಹುಳ ಇಲ್ಲ.’

ಯಜಮಾನರು ಇನ್ನೊಂದು ಗುಡ್ಡೆಯ ಕಡೆ ಕೈ ತೋರಿಸಿದರು. ‘ಅದರಲ್ಲಿ?’